ಒಂದೇ ವಾರ ನಿಂತುಹೋದ ಮೂರು ನಂಬರು

"ಆ ಬೀರುವಿನ ಕಾಲಡಿ ಏನಿಟ್ಟಿದ್ದೀರಿ?"

ಜಿಗಣೆ ಕೇಳಿದ್ದು ಮೆಲ್ಲಗೆ. ಆದರೂ ಹಾಸ್ಟೆಲ್ ಮ್ಯಾನೇಜರ್ ಕೈಯಲ್ಲಿದ್ದ ಬೀಗದ ಕೈಗಳ ಗೊಂಚಲು ಝಣ್ ಎಂದಿತು.

"ಕಾಣಿಸಲ್ವಾ? ನೆಲ ಸಮ ಇಲ್ಲ, ಬೀರು ಅಲ್ಲಾಡ್ತಿತ್ತು. ಯಾರೋ ಹಳೇ ರದ್ದಿ ಮಡಚಿ ಇಟ್ಟಿದ್ದಾರೆ."

"ರದ್ದಿಗೆ ದಪ್ಪ ರಟ್ಟು, ಬಟ್ಟೆ ಅಂಟಿಸಿದ ಬೆನ್ನು ಎಲ್ಲ ಇರುತ್ತಾ?"

"ನೋಡಿ, ಕೋರ್ಟು ನಿಮಗೆ ಕೊಟ್ಟಿರೋದು ರಿಜಿಸ್ಟರ್ ನೋಡೋ ಆರ್ಡರ್. ನಮ್ಮ ಬೀರು ಎತ್ತೋದಕ್ಕಲ್ಲ."

"ಹಾಸ್ಟೆಲಿಗೆ ಸೇರಿದ ಎಲ್ಲ ಪುಸ್ತಕ ಅಂತ ಬರೆದಿದೆ. ಕಪಾಟಿನ ಒಳಗಿರೋದು ಮಾತ್ರ ಅಂತ ಬರೆದಿಲ್ಲ."

ಕೋರ್ಟಿನಿಂದ ಜೊತೆಗೆ ಬಂದಿದ್ದ ಗುಮಾಸ್ತ ಬೆಳಗಿನಿಂದ ಕಿಟಕಿಯ ಪಕ್ಕದಲ್ಲಿ ಆಕಳಿಸುತ್ತ ಕೂತಿದ್ದ. ಈಗ ಕನ್ನಡಕ ಸರಿಮಾಡಿಕೊಂಡು ಆರ್ಡರನ್ನು ಇನ್ನೊಮ್ಮೆ ಓದಿ, ಬೇಡದ ಮನಸ್ಸಿನಿಂದ ಹೌದೆಂದು ತಲೆಯಾಡಿಸಿದ.

ಪೊಲೀಸ್ ಇಲಾಖೆಯಲ್ಲಿದ್ದ ಹತ್ತೊಂಬತ್ತು ವರ್ಷಗಳಲ್ಲಿ ಅವಳು ಸಂಪಾದಿಸಿದ್ದು ಜಿಗಣೆ ಎಂಬ ಈ ಹೆಸರೊಂದೇ. ಕಚ್ಚಿದರೆ ಬಿಡುವವಳಲ್ಲವೆಂದು ಸಹೋದ್ಯೋಗಿಗಳು ಗೇಲಿಗೆ ಇಟ್ಟರು. ಇಲಾಖೆ ಬಿಟ್ಟ ಮೇಲೂ ಹೆಸರು ಬಿಡಲಿಲ್ಲ. ಈಗ ಹನ್ನೊಂದು ವರ್ಷದಿಂದ ಒಬ್ಬ ವಕೀಲೆಗಾಗಿ ಸಾಕ್ಷಿ ಹುಡುಕುವುದು ಅವಳ ಕಸುಬು.

ಈ ಸಲದ ಕಕ್ಷಿಗಾರ್ತಿ ಬಸ್ ಕಂಡಕ್ಟರ್. ಹನ್ನೊಂದು ವರ್ಷದವಳಿದ್ದಾಗ ಇದೇ ವಸತಿಶಾಲೆಯಲ್ಲಿ ಓದಿದವಳು. ಮೈ ಸುಡುವ ಜ್ವರವಿದ್ದ ಮಗುವನ್ನು ಶಾಲೆಯ ಡಾಕ್ಟರ್ ತನ್ನ ಕೋಣೆಯಲ್ಲಿ ಏನು ಮಾಡಿದನೆಂದು ಅವಳು ಬಾಯಿಬಿಡುವ ಹೊತ್ತಿಗೆ ಆತ ಸತ್ತು ನಾಲ್ಕು ವರ್ಷವಾಗಿತ್ತು. ಸತ್ತವನನ್ನು ಕಟಕಟೆಗೆ ಎಳೆಯುವುದು ಹೇಗೆ? ಪೊಲೀಸರು ಫೈಲು ಮುಚ್ಚಿ ಕೈತೊಳೆದುಕೊಂಡರು.

ಆಗ ವಕೀಲೆ ಹೇಳಿದ್ದಳು: "ಮನುಷ್ಯ ಸಾಯ್ತಾನೆ, ಸಂಸ್ಥೆ ಸಾಯಲ್ಲ. ಅದರ ಮೇಲೆ ಪರಿಹಾರದ ದಾವೆ ಹಾಕೋಣ. ಇಲ್ಲಿ ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸಾಬೀತು ಮಾಡಬೇಕಾಗಿಲ್ಲ. ತಕ್ಕಡಿ ನಮ್ಮ ಕಡೆ ಒಂದು ಕೂದಲಷ್ಟು ವಾಲಿದರೂ ಸಾಕು."

ವಾಲಬೇಕಾದರೆ ಒಂದು ತೂಕದ ಕಲ್ಲು ಬೇಕಿತ್ತು. ಡಾಕ್ಟರ್ ಎಂಥವನೆಂದು ಸಂಸ್ಥೆಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಮುಚ್ಚಿಟ್ಟರು ಎಂಬುದಕ್ಕೆ ಪುರಾವೆ. ಅದು ಸಿಕ್ಕರೆ ದಾವೆ ತಡವಾಯಿತೆಂಬ ತಕರಾರೂ ನಿಲ್ಲುವುದಿಲ್ಲ. ಮುಚ್ಚಿಟ್ಟದ್ದು ಬಯಲಾದ ದಿನದಿಂದಲೇ ಕಾಲಮಿತಿಯ ಎಣಿಕೆ. ಸಿಗದಿದ್ದರೆ ನಾಳೆ ಹನ್ನೊಂದು ಗಂಟೆಗೆ ದಾವೆ ವಜಾ. ಇನ್ನೊಂದು ದಿನದ ವಾಯಿದೆಯನ್ನೂ ಕೊಡುವುದಿಲ್ಲವೆಂದು ನ್ಯಾಯಾಧೀಶರು ಹೋದ ವಾರವೇ ಕಡ್ಡಿ ಮುರಿದಂತೆ ಹೇಳಿದ್ದರು.

ಬೆಳಗಿನಿಂದ ಸಿಕ್ಕಿದ್ದೆಲ್ಲ ಬರೀ ಹೊಟ್ಟು. ರೋಗಿಗಳ ಕೋಣೆಯ ರಿಜಿಸ್ಟರ್ ಕೇಳಿದರೆ ಗೆದ್ದಲು ತಿಂದಿದೆ ಎಂದರು. ತಿಂದದ್ದು ಬೇಕಾದ ಐದು ವರ್ಷಗಳನ್ನು ಮಾತ್ರ.

"ನಿಮ್ಮ ಗೆದ್ದಲಿಗೆ ಇಸವಿ ಓದೋಕೆ ಚೆನ್ನಾಗಿ ಬರುತ್ತೆ," ಎಂದಿದ್ದಳು ಜಿಗಣೆ.

ಪ್ರವೇಶದ ರಿಜಿಸ್ಟರ್ ಇತ್ತು, ಆದರೆ ಇಪ್ಪತ್ತೈದು ವರ್ಷ ಹಳೆಯದಕ್ಕೆ ಹಾಳೆ ಹಾಲಿನಂತೆ ಬಿಳಿ. ಹರಿದಿತ್ತು, ಹೊಸದಾಗಿ ಬರೆಸಿದೆವು ಎಂದ ಮ್ಯಾನೇಜರ್. ಅದರಲ್ಲಿ ಹುಡುಗಿಯರ ನಂಬರು ನಲವತ್ತಾದ ಮೇಲೆ ನಲವತ್ತೆರಡು. ಅರವತ್ತಾರಾದ ಮೇಲೆ ಅರವತ್ತೆಂಟು. ಎಂಬತ್ತೊಂಬತ್ತಾದ ಮೇಲೆ ತೊಂಬತ್ತೊಂದು. ಬರೆದವನಿಗೆ ಎಣಿಕೆ ತಪ್ಪಿದೆ ಎಂದ.

ಈಗ ಅವಳು ಬೀರುವಿಗೆ ಹೆಗಲು ಕೊಟ್ಟು ಒಂದು ಮೂಲೆ ಎತ್ತಿದಳು. ಗುಮಾಸ್ತ ಕಾಲಿನಿಂದ ಪುಸ್ತಕವನ್ನು ಈಚೆಗೆ ಎಳೆದ. ಭಾರಕ್ಕೆ ನಡುವೆ ಕುಳಿಬಿದ್ದಿತ್ತು, ಆದರೆ ಒಳಗಿನ ಅಕ್ಷರಗಳು ನೆಟ್ಟಗಿದ್ದವು.

ಅದು ಒಗೆಯುವ ಬಟ್ಟೆಯ ಪುಸ್ತಕ. ಎಡಕ್ಕೆ ಹುಡುಗಿಯರ ನಂಬರು, ಮೇಲೆ ವಾರದ ತಾರೀಕು. ಎಷ್ಟು ಬಟ್ಟೆ ಹೋಯಿತು, ಎಷ್ಟು ಬಂತು, ಕೆಳಗೆ ಮೇಟ್ರನ್ ಸಹಿ.

ದೊಡ್ಡ ಪುಸ್ತಕಗಳನ್ನು ತಿದ್ದುವವರು ಸಣ್ಣ ಪುಸ್ತಕಗಳನ್ನು ಮರೆಯುತ್ತಾರೆ. ಜಿಗಣೆ ಬೆರಳಿಟ್ಟು ಕೆಳಗಿಳಿದಳು. ನಲವತ್ತೊಂದು ಇತ್ತು. ಅರವತ್ತೇಳು ಇತ್ತು. ತೊಂಬತ್ತೂ ಇತ್ತು. ವಾರ ವಾರವೂ ಫ್ರಾಕು, ಟವೆಲು, ಕಾಲುಚೀಲ. ಕಂಡಕ್ಟರ್ ಈ ಶಾಲೆಗೆ ಸೇರುವುದಕ್ಕೆ ಮೂರು ವರ್ಷ ಮೊದಲಿನ ಒಂದು ವಾರದವರೆಗೂ. ಆಮೇಲೆ ಮೂರು ಸಾಲೂ ಖಾಲಿ. ಪುಸ್ತಕದ ಕೊನೆಯತನಕ ಖಾಲಿ.

ಅವಳ ಬೆರಳು ಆ ಕೊನೆಯ ವಾರದ ಷರಾದ ಮೇಲೆ ನಿಂತಿತು. ಮೂರು ನಂಬರಿನ ಮುಂದೆಯೂ ಒಂದೇ ಮಾತು: 'ಬಟ್ಟೆ ಬಂದಿದೆ. ಪಡೆದವರಿಲ್ಲ.'

ಒಗೆಯಲು ಹಾಕಿದ ಬಟ್ಟೆ ತಿರುಗಿ ಬರುವಷ್ಟು ಹೊತ್ತೂ ಕಾಯದೆ ಮೂವರು ಹುಡುಗಿಯರನ್ನು ಸಾಗಹಾಕಿದ್ದಾರೆ.

"ಇದಕ್ಕೆ ಸೀಲ್ ಹಾಕಿ," ಎಂದಳು ಗುಮಾಸ್ತನಿಗೆ.

ಮ್ಯಾನೇಜರ್ ಮುಖ ಕೆಂಪಗಾಯಿತು. "ದುಡ್ಡು ಬೇಕಾದರೆ ನೇರ ಕೇಳೋಕೆ ಹೇಳಿ ಆ ಕಂಡಕ್ಟರಿಗೆ. ಸತ್ತ ದೊಡ್ಡ ಮನುಷ್ಯರ ಮೇಲೆ ಕೆಸರು ಎರಚಿ ಬದುಕೋದು ಒಂದು ಬದುಕಾ?"

"ದುಡ್ಡು ತಗೊಂಡು ನೀವೇ ಎರಡು ಸಲ ಅವಳ ಮನೆ ಬಾಗಿಲಿಗೆ ಹೋಗಿದ್ರಿ. ಬಾಯಿ ಬಿಡಬಾರದು ಅನ್ನೋ ಷರತ್ತಿನ ಕಾಗದ ಬೇರೆ. ಬೇಡ ಅಂದಳು. ಅವಳಿಗೆ ಬೇಕಾಗಿರೋದು ತೀರ್ಪಿನಲ್ಲಿ ಒಂದು ಮಾತು. 'ಇವರಿಗೆ ಗೊತ್ತಿತ್ತು.' ಅಷ್ಟೇ."

"ಮೇಟ್ರನ್ ಹತ್ತಿರ ಹೋಗ್ತೀರಲ್ಲ ಈಗ? ಹೋಗಿ. ಹೋದ ಎರಡು ಸಲದ ಹಾಗೆ ಮುಖಕ್ಕೆ ಬಾಗಿಲು ಬಡಿಸಿಕೊಂಡು ಬನ್ನಿ."

*

ಮೂರನೆಯ ಸಲ ಬಾಗಿಲು ಬಡಿಯಲಾಗಲಿಲ್ಲ. ಜಿಗಣೆ ಮೊದಲೇ ಕಾಲು ಒಳಗಿಟ್ಟಿದ್ದಳು.

"ಮತ್ತೆ ಬಂದ್ಯಾ? ಹೆಸರಿಗೆ ತಕ್ಕ ಹಾಗೇ ಇದ್ದೀಯ," ಎಂದಳು ಮೇಟ್ರನ್.

ಎಪ್ಪತ್ತಾರರ ಮುದುಕಿ. ಬೆನ್ನು ಇನ್ನೂ ಬಾಗಿಲ್ಲ, ನಾಲಿಗೆಯೂ ಬಾಗಿಲ್ಲ. ಶಾಲೆಯ ಹಿಂದಿನ ಗೋಡೆಗೆ ಅಂಟಿಕೊಂಡ ಎರಡು ಕೋಣೆಯ ಕ್ವಾರ್ಟರ್ಸು; ನಿವೃತ್ತಿಯಾಗಿ ಇಪ್ಪತ್ತು ವರ್ಷವಾದರೂ ಬಾಡಿಗೆಯಿಲ್ಲ, ಖಾಲಿ ಮಾಡಿ ಎಂದವರಿಲ್ಲ. ಹಾಸಿಗೆಯ ಮೇಲೆ ಒಂದು ಸುಕ್ಕಿಲ್ಲ. ಮೇಜಿನ ಮೇಲೆ ಕಂಬಳಿ ಹಾಸಿ ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಬಾಗಿಲು ತೆರೆದದ್ದೂ ಇಸ್ತ್ರಿಪೆಟ್ಟಿಗೆಯ ಬಿಸಿ ಆರಬಾರದೆಂಬ ಅವಸರದಲ್ಲೇ.

"ನನ್ನ ಹತ್ತಿರ ಏನೂ ಇಲ್ಲ, ಏನೂ ನೆನಪಿಲ್ಲ. ವಯಸ್ಸಾಯ್ತು," ಎನ್ನುತ್ತ ಮೇಜಿಗೆ ಮರಳಿದಳು.

"ನಲವತ್ತೊಂದು, ಅರವತ್ತೇಳು, ತೊಂಬತ್ತು."

ಇಸ್ತ್ರಿಪೆಟ್ಟಿಗೆ ನಿಂತಲ್ಲೇ ನಿಂತಿತು.

"ಬಟ್ಟೆ ಸುಡ್ತಿದೆ ಅಮ್ಮಾ."

ಮುದುಕಿ ತಟ್ಟನೆ ಪೆಟ್ಟಿಗೆ ಎತ್ತಿದಳು. ದಿಂಬಿನ ಚೀಲದ ಮೇಲೆ ಕಂದು ಕಲೆಯೊಂದು ಕೂತಿತ್ತು. "ಯಾರು ಕೊಟ್ಟರು ಆ ನಂಬರು?"

"ನೀವೇ. ಕೆಳಗೆ ನಿಮ್ಮ ಸಹಿ ಇದೆ."

"ಓ, ಅದಾ? ಮೂವರಿಗೂ ಅಂಟುರೋಗ ಬಂದಿತ್ತು. ಮನೆಗೆ ಕಳಿಸಿದೆವು."

"ಅಂಟುರೋಗದವರ ಬಟ್ಟೆನ ಬೇರೆ ಮಕ್ಕಳ ಬಟ್ಟೆ ಜೊತೆ ಒಗೆಯೋಕೆ ಹಾಕಿದ್ರಾ? ನೀವು?"

ಏಟು ಬೀಳಬೇಕಾದಲ್ಲೇ ಬಿತ್ತು. ಹಾಸಿಗೆಯಲ್ಲಿ ಸುಕ್ಕನ್ನೂ ಸಹಿಸದ ಹೆಂಗಸು ಆ ಅಪವಾದವನ್ನು ಹೇಗೆ ಸಹಿಸಿಯಾಳು? "ಛೆ! ನನ್ನ ಕಾಲದಲ್ಲಿ ಅಂಥದ್ದು ಒಂದು ದಿನವೂ..." ಎಂದವಳು ನಾಲಿಗೆ ಕಚ್ಚಿಕೊಂಡಳು. "ಅಶಿಸ್ತು. ಅಶಿಸ್ತಿಗೆ ಕಳಿಸಿದ್ದು."

"ಏನು ಅಶಿಸ್ತು?"

"ಸುಳ್ಳು ಹೇಳಿದ್ರು."

"ಯಾರ ಮೇಲೆ?"

ಮುದುಕಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ತಂತಿ ಕಿತ್ತು, ಸೊಂಟಕ್ಕೆ ಕೈಯಿಟ್ಟು ತಿರುಗಿದಳು. ನೂರಾರು ಹುಡುಗಿಯರನ್ನು ಒಂದೇ ನೋಟದಲ್ಲಿ ಸಾಲಾಗಿ ನಿಲ್ಲಿಸಿದ ಕಣ್ಣುಗಳು ಅವು.

"ನನ್ನ ಮನೇಲಿ ನಿಂತು ನನಗೇ ಪ್ರಶ್ನೆ ಹಾಕ್ತೀಯಲ್ಲ, ನಿನ್ನ ಕೈ ಶುದ್ಧವಾ? ಪೊಲೀಸಲ್ಲಿದ್ದವಳು ನೀನು. ಎಷ್ಟು ಹೆಣ್ಣುಮಕ್ಕಳಿಗೆ, ಹೋಗಲಿ ಬಿಡಮ್ಮಾ, ರಾಜಿ ಮಾಡ್ಕೋ, ಮಾನ ಹೋಗುತ್ತೆ ಅಂತ ಹೇಳಿ ಸ್ಟೇಷನ್ನಿಂದ ಕಳಿಸಿದೀಯ? ಹೇಳು."

"ಇಬ್ಬರಿಗೆ," ಎಂದಳು ಜಿಗಣೆ.

ಮುದುಕಿ ಈ ಉತ್ತರವನ್ನು ಎದುರುನೋಡಿರಲಿಲ್ಲ.

"ಎರಡನೆಯವಳು ಮನೆಗೆ ಹೋಗಿ ಮೂರು ದಿನ ಬದುಕಿದ್ದಳು. ನಾಲ್ಕನೇ ದಿನ ನಾನು ಕೆಲಸ ಬಿಟ್ಟೆ. ಅದಕ್ಕೇ ಇಲ್ಲಿಗೆ ಮೂರನೇ ಸಲ ಬಂದಿರೋದು. ನೀವು ಬೈದರೆ ಬೈಯಿರಿ."

ಗೋಡೆಯಾಚೆ ಶಾಲೆಯ ಗಂಟೆ ಹೊಡೆಯಿತು. ಹುಡುಗಿಯರು ಮೆಟ್ಟಿಲಿಳಿಯುವ ಸದ್ದು, ನಗು, ಯಾರೋ ಯಾರನ್ನೋ ಕೂಗುವುದು.

"ನನ್ನ ಕಕ್ಷಿಗಾರ್ತಿಗೆ ಎಲ್ಲ ನೆನಪಿದೆ," ಎಂದಳು ಜಿಗಣೆ. "ಡಾಕ್ಟರ್ ಕೋಣೆಯಿಂದ ಈಚೆ ಬಂದವಳು ನೇರ ನಿಮ್ಮ ರೂಮಿಗೆ ಓಡಿದಳು. ಮಧ್ಯಾಹ್ನ. ಒಳಗೆ ರೇಡಿಯೋ ಹಾಡ್ತಿತ್ತಂತೆ. ಬಾಗಿಲು ತಟ್ಟಿದಳು. ರೇಡಿಯೋ ನಿಂತಿತು. ಬಾಗಿಲು ಮಾತ್ರ ತೆಗೀಲಿಲ್ಲ. ಇಪ್ಪತ್ತೆರಡು ವರ್ಷ ಆಯ್ತು, ಅವಳು ಇವತ್ತಿಗೂ ರೇಡಿಯೋ ಹಾಕೋ ಬಸ್ಸಿನಲ್ಲಿ ಡ್ಯೂಟಿ ಮಾಡಲ್ಲ."

ಮುದುಕಿ ಮಂಚದ ಅಂಚಿಗೆ ಕುಳಿತಳು. ಒಪ್ಪವಾಗಿದ್ದ ಹಾಸಿಗೆ ಕುಗ್ಗಿ ಸುಕ್ಕಾಯಿತು. ಅದರ ಕಡೆ ನೋಡಲೂ ಇಲ್ಲ.

"ತಟ್ಟೋ ರೀತೀಲೇ ಗೊತ್ತಾಯ್ತು ನನಗೆ," ಎಂದಳು. "ಹೊಟ್ಟೆನೋವು, ಹಲ್ಲುನೋವು ಅಂತ ಬರೋರು ಹಾಗೆ ತಟ್ಟಲ್ಲ. ಮೊದಲಿನ ಮೂವರೂ ಹಾಗೇ ತಟ್ಟಿದ್ರು."

"ಅವರಿಗೆ ಬಾಗಿಲು ತೆಗೆದಿದ್ರಿ."

"ತೆಗೆದಿದ್ದೆ! ಕೂರಿಸಿದೆ, ಕೇಳಿದೆ, ಆಡಳಿತ ಮಂಡಳಿಗೆ ಕಾಗದ ಬರೆದೆ. ಕಾರ್ಬನ್ ಇಟ್ಟು ಎರಡು ಪ್ರತಿ ಮಾಡಿ, ಕಾರ್ಯದರ್ಶಿ ಕೈಲಿ ಸಹಿ ಹಾಕಿಸ್ಕೊಂಡು ಬಂದೆ. ದೊಡ್ಡವರಿಗೆ ತಿಳಿಸಿದ್ದೀನಿ, ಇನ್ನೇನೂ ಭಯ ಇಲ್ಲ ಅಂತ ಆ ಮಕ್ಕಳಿಗೂ ಹೇಳಿದೆ. ಮಾರನೇ ದಿನ ಬೆಳಿಗ್ಗೆ ವ್ಯಾನು ಬಂತು. ಮಕ್ಕಳನ್ನ ಹತ್ತಿಸಿದ್ರು. ಸುಳ್ಳು ಹೇಳೋ ಹುಡುಗೀರು ಅಂತ ಅಪ್ಪ ಅಮ್ಮಂದಿರ ಕೈಗೆ ಚೀಟಿ. ಡಾಕ್ಟರ್ ಅದೇ ಕೋಣೇಲಿ, ಅದೇ ಕುರ್ಚೀಲಿ. ಮೂರು ವರ್ಷ ಆದಮೇಲೆ ಈ ಹುಡುಗಿ ಬಂದು ತಟ್ಟಿದಾಗ ಏನು ಮಾಡಲಿ? ತೆಗೆದರೆ ಇವಳನ್ನೂ ವ್ಯಾನಿಗೆ ಹಾಕ್ತಾರೆ, ಇವಳ ಓದಾದರೂ ಉಳೀಲಿ ಅಂತ ನನಗೆ ನಾನೇ ಹೇಳ್ಕೊಂಡೆ."

"ಈ ಕ್ವಾರ್ಟರ್ಸ್ ಉಳೀಲಿ ಅಂತಲೂ ಹೇಳ್ಕೊಂಡ್ರಾ?"

ಮುದುಕಿ ಅವಳನ್ನು ನುಂಗುವ ಹಾಗೆ ನೋಡಿದಳು. ಆಮೇಲೆ ನೋಟ ತಗ್ಗಿತು.

"ಹೇಳ್ಕೊಂಡೆ."

"ಆ ಕಾಗದದ ಪ್ರತಿ ಎಲ್ಲಿದೆ?"

"ಸುಟ್ಟುಹಾಕಿದೆ."

"ಬಟ್ಟೆಗೆ ಷರಾ ಬರೆದಿಟ್ಟವರು ಸಹಿ ಹಾಕಿಸಿಕೊಂಡ ಕಾಗದ ಸುಡಲ್ಲ."

ಮುದುಕಿ ಎದ್ದು ಕಿಟಕಿ ಮುಚ್ಚಿದಳು. ಮಂಚದ ಕೆಳಗಿನ ಟ್ರಂಕು ಎಳೆದಳು. ಮಡಚಿದ ಬಿಳಿ ಚಾದರಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು, ಅಂಚಿಗೆ ಅಂಚು ಕೂಡಿಸಿ. ತಳದಲ್ಲಿ ದಿಂಬಿನ ಚೀಲ, ಅದರೊಳಗೆ ಲಕೋಟೆ.

"ಹತ್ತು ಹನ್ನೆರಡು ವರ್ಷದ ಹಿಂದೆ ಆ ಮೂವರಲ್ಲಿ ಒಬ್ಬಳು ಬಂದು ಕೇಳಿದಳು," ಎಂದಳು, ಲಕೋಟೆ ಕೊಡದೆ. "ಸುಟ್ಟುಹಾಕಿದೆ ಅಂದೆ. ಆವತ್ತೂ ನನಗೆ ಧೈರ್ಯ ಬರಲಿಲ್ಲ. ಅಳಲಿಲ್ಲ ಅವಳು, ಜಗಳ ಆಡಲಿಲ್ಲ. ನಮಸ್ಕಾರ ಅಂದು ಹೋದಳು. ಬೈದಿದ್ರೆ ಚೆನ್ನಾಗಿತ್ತು."

"ನಾಳೆ ಕೋರ್ಟಿಗೆ ಬಂದು ಇದು ನಿಮ್ಮ ಅಕ್ಷರ ಅಂತ ಹೇಳ್ತೀರಾ?"

"ಇಲ್ಲ. ಇಷ್ಟೇ ನನ್ನ ಕೈಲಾಗೋದು. ಪೊಲೀಸನ್ನ ಕರೆಸು, ಹಗ್ಗ ಹಾಕಿ ಎಳೆಸು, ಬರಲ್ಲ."

"ಹೇಳೋರು ಯಾರೂ ಇಲ್ಲದೆ ಬರೀ ಕಾಗದ ಕೊಟ್ಟರೆ ಶಾಲೆಯ ವಕೀಲರು ನಾವೇ ಬರೆಸಿದ್ದು ಅಂತಾರೆ."

"ಹೆಸರಿವೆಯಲ್ಲ ಅದರಲ್ಲಿ, ಅವರನ್ನ ಕರೆಸು. ನಲವತ್ತೊಂದು ಬದುಕಿಲ್ಲ. ಅರವತ್ತೇಳು ಯಾವ ದೇಶದಲ್ಲಿದ್ದಾಳೋ, ಅವಳ ಮನೆಯವರಿಗೂ ತಿಳೀದು."

"ತೊಂಬತ್ತು?"

ಮೇಟ್ರನ್ ಮುಖದಲ್ಲಿ ನಗುವಿನಂಥದ್ದೊಂದು ಬಂದು ಹೋಯಿತು. ಅದರಲ್ಲಿ ಕರುಣೆಯೇನೂ ಇರಲಿಲ್ಲ. ಲಕೋಟೆಯನ್ನು ಮೇಜಿನ ಮೇಲೆ, ಸುಟ್ಟ ಕಲೆಯ ಪಕ್ಕಕ್ಕೆ ಎಸೆದಳು.

"ಓದು. ಓದಿದ ಮೇಲೆ ಇದನ್ನ ಯಾಕಾದರೂ ತಂದೆನೋ ಅನ್ನಿಸಿದರೆ ನನ್ನ ಬಾಗಿಲಿಗೆ ಬರಬೇಡ. ಈ ಸಲ ತೆಗೆಯಲ್ಲ."

*

ಜಿಗಣೆ ಬಸ್ ನಿಲ್ದಾಣದ ಬೆಂಚಿನವರೆಗೂ ತಡೆದುಕೊಂಡಳು. ಆಫೀಸು ಬಿಟ್ಟ ಜನ ಸುತ್ತ ನೂಕಾಡುತ್ತಿದ್ದರು. ಚೀಲವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಲಕೋಟೆ ತೆರೆದಳು.

ನೀಲಿ ಕಾರ್ಬನ್ ಪ್ರತಿ, ಒಂದೇ ಹಾಳೆ. ಮೇಲೆ ಇಪ್ಪತ್ತೈದು ವರ್ಷದ ಹಿಂದಿನ ತಾರೀಕು. ಕೆಳಗೆ ಸಂಸ್ಥೆಯ ಮೊಹರು, 'ತಲುಪಿದೆ' ಎಂಬ ಮಾತು, ಕಾರ್ಯದರ್ಶಿಯ ಸಹಿ. ಒಂದು ಹೆಚ್ಚಿನ ಮಾತಿಲ್ಲದ ಕಾಗದ. 'ಡಾಕ್ಟರರನ್ನು ಮಕ್ಕಳ ಬಳಿ ಒಂಟಿಯಾಗಿ ಬಿಡಕೂಡದು. ಈ ಮೂವರೂ ನನ್ನೆದುರು ಹೇಳಿದ್ದಾರೆ. ನಾನು ನಂಬುತ್ತೇನೆ.'

ಗೊತ್ತಿತ್ತು. ಇಪ್ಪತ್ತೈದು ವರ್ಷದಿಂದ ಗೊತ್ತಿತ್ತು. ಜಿಗಣೆಗೆ ಎದ್ದು ಕೂಗಬೇಕೆನ್ನಿಸಿತು.

ಆಮೇಲೆ ಹೆಸರುಗಳನ್ನು ಓದಿದಳು. ನಲವತ್ತೊಂದರ ಮುಂದೆ ಹತ್ತು ವರ್ಷದ ಹುಡುಗಿ. ಅರವತ್ತೇಳರ ಮುಂದೆ ಹನ್ನೆರಡು. ತೊಂಬತ್ತರ ಮುಂದೆ ಹದಿನಾಲ್ಕು ವರ್ಷ, ತಂದೆಯ ಹೆಸರು, ಅವಳ ಹೆಸರು.

ಇನ್ನೊಮ್ಮೆ ಓದಿದಳು. ಅಕ್ಷರ ಬದಲಾಗಲಿಲ್ಲ. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಒಂದು ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲಿ ಅವಳು ಓದುತ್ತ ಬಂದ ಹೆಸರು ಅದು. ಅದರ ಕೆಳಗೆ ಫಲಕದಲ್ಲಿ 'ವಕೀಲರು' ಎಂದಿರುತ್ತಿತ್ತು. ಇಲ್ಲಿ 'ಒಂಬತ್ತನೇ ತರಗತಿ' ಎಂದಿತ್ತು.

ಎರಡು ಬಸ್ಸು ಬಂದು ಹೋದವು. ಜಿಗಣೆ ಏಳಲಿಲ್ಲ. ತನಗಿಂತ ಹನ್ನೆರಡು ವರ್ಷ ಚಿಕ್ಕವಳು, ತನ್ನನ್ನು ಬಾಯಿ ತುಂಬ ಅಕ್ಕಾ ಎನ್ನುವವಳು. ಎಷ್ಟು ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಉಂಡಿದ್ದರು! ಊರವರ ಗುಟ್ಟನ್ನೆಲ್ಲ ಅಗೆದು ತೆಗೆದವಳಿಗೆ ಪಕ್ಕದ ಕುರ್ಚಿಯಲ್ಲಿ ಕೂತವಳು ಕಾಣಲಿಲ್ಲವಲ್ಲ ಎಂದು ತನ್ನ ಮೇಲೇ ರೇಗಿತು. ಹೇಳಲಿಲ್ಲವಲ್ಲ ಎಂದು ಅವಳ ಮೇಲೂ ರೇಗಿತು.

ಫೋನ್ ರಿಂಗಾಯಿತು. ವಕೀಲೆಯೇ.

"ಅಕ್ಕಾ, ಎಲ್ಲಿದ್ದೀಯ? ಕಂಡಕ್ಟರ್ ಇಲ್ಲೇ ಕೂತಿದ್ದಾಳೆ. ನಾಳೆ ಏನೇನು ಕೇಳ್ತಾರೆ ಅಂತ ಹೇಳಿಕೊಡ್ತಿದ್ದೆ. ಏನಾದರೂ ಸಿಕ್ತಾ?"

"ಸಿಕ್ತು. ಮೇಟ್ರನ್ ಬರೆದ ಕಾಗದ. ಮೊಹರು, ಸಹಿ ಎಲ್ಲ ಇದೆ."

"ಅದು ಸುಟ್ಟುಹೋಗಿತ್ತಲ್ಲ," ಎಂದಳು ವಕೀಲೆ. ಧ್ವನಿ ಎಷ್ಟು ಚಿಕ್ಕದಾಗಿತ್ತೆಂದರೆ ಜಿಗಣೆ ಫೋನನ್ನು ಕಿವಿಗೆ ಒತ್ತಿಕೊಳ್ಳಬೇಕಾಯಿತು.

"ಸುಟ್ಟಿರಲಿಲ್ಲ."

"ಓದಿದೆಯಾ?"

"ಓದಿದೆ. ಮೂರು ಹೆಸರೂ."

ಕುರ್ಚಿ ಹಿಂದಕ್ಕೆ ಸರಿದ ಸದ್ದು. ಬಾಗಿಲು ತೆರೆದು ಮುಚ್ಚಿದ ಸದ್ದು. ಮತ್ತೆ ಕೇಳಿಬಂದಾಗ ಆ ಧ್ವನಿಯಲ್ಲಿ ಅಕ್ಕ ತಂಗಿಯ ಸಲುಗೆ ಒಂದಿಷ್ಟೂ ಇರಲಿಲ್ಲ. ಎದುರು ಪಾರ್ಟಿಯ ಸಾಕ್ಷಿಯೊಡನೆ ಮಾತಾಡುವ ಧ್ವನಿ.

"ಹಾಗಾದರೆ ಕೇಳು. ಮೇಟ್ರನ್ ಬರಲ್ಲ ಅಂದಿರ್ತಾಳೆ. ಆ ಕಾಗದ ನಾಳೆ ಕೋರ್ಟಿಗೆ ಹೋದರೆ ಅದು ನಿಜ ಅಂತ ಹೇಳೋಕೆ ಉಳಿದಿರೋಳು ನಾನೊಬ್ಬಳೇ. ಒಂದೇ ಕೇಸಿನಲ್ಲಿ ಸಾಕ್ಷಿಯೂ ನಾನೇ ವಕೀಲೆಯೂ ನಾನೇ ಆಗೋದಕ್ಕೆ ಬರಲ್ಲ. ಕೋಟು ತೆಗೆದಿಟ್ಟು ಕಟಕಟೆ ಹತ್ತಬೇಕು. ಆಮೇಲೆ ಅವಳ ಪರ ವಾದ ಮಾಡೋರು ಯಾರು? ಎರಡು ವರ್ಷದ ಕೇಸನ್ನ ಒಂದು ರಾತ್ರೀಲಿ ಯಾರು ಓದಿಕೊಳ್ತಾರೆ?"

"ಕೊಡದಿದ್ದರೆ ಕೇಸೇ ಇಲ್ಲ."

"ಅದು ನನಗೆ ಗೊತ್ತಿಲ್ವಾ? ನೀನು ಹೇಳಿಕೊಡಬೇಕಾ?"

"ಕಟಕಟೆ ಹತ್ತೋದು ಬಿಡೋದು ನಿನ್ನಿಷ್ಟ. ಬಲವಂತ ಮಾಡೋ ಹಕ್ಕು ಯಾರಿಗೂ ಇಲ್ಲ," ಎಂದಳು ಜಿಗಣೆ. "ಆದರೆ ಕಾಗದ ಇದೆ ಅಂತ ತಿಳ್ಕೊಳ್ಳೋ ಹಕ್ಕು ಅವಳಿಗಿದೆ. ಕೇಸು ಅವಳದ್ದು."

"ಆ ಹೆಸರು ನನ್ನದು!"

ನಿಲ್ದಾಣದ ಗಲಾಟೆಯ ನಡುವೆಯೂ ಆ ಮಾತು ಕೆನ್ನೆಗೆ ಹೊಡೆದ ಹಾಗಾಯಿತು. ಜಿಗಣೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಆ ಕಡೆ ಬಾಗಿಲು ಮತ್ತೆ ಕಿರುಗುಟ್ಟಿತು. ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವ ಕಂಡಕ್ಟರಿನ ಗಂಟಲು ಫೋನಿನಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು.

"ಯಾರು ಮೇಡಂ, ಜಿಗಣೆಯಕ್ಕನಾ? ಏನಂತೆ? ಸಿಕ್ತಂತಾ?"

"ಇಲ್ಲವಂತೆ ಕಣೇ," ಎಂದಳು ವಕೀಲೆ. "ಏನೂ ಸಿಗಲಿಲ್ಲವಂತೆ."

ಫೋನ್ ಕಟ್ಟಾಯಿತು.